ಮೇಲ್ಮನೆಯ ಪೊರಕೆ

ಮೇಲ್ಮನೆಗೆ ಬಾಡಿಗೆಗೆ ಜನ ಬರುತ್ತಾರಂತೆ ಎಂಬ ಸುದ್ದಿ ತಂದವನು ಬೀದಿ ಮೂಲೆಯ ಇಸ್ತ್ರಿಯವನು. ಮಡಿಸಿದ ಬಟ್ಟೆಯ ಗಂಟನ್ನು ಕೆಳಮನೆಯಮ್ಮನ ಕೈಗೆ ಕೊಡುತ್ತ, ಗಂಡ ಹೆಂಡತಿ ಇಬ್ಬರೇ, ಗಲಾಟೆಯಿಲ್ಲದ ಜನ, ಗಂಡ ಸೇತುವೆಗಳ ನಕ್ಷೆ ಬರೆಯುವವನು ಎಂದ. ಹೆಂಡತಿ ಏನು ಮಾಡುತ್ತಾಳೆ ಎಂದು ಕೇಳಿದ್ದಕ್ಕೆ ಮಾತ್ರ ತಲೆ ಕೆರೆದುಕೊಂಡ.

"ಕಸ ಗುಡಿಸ್ತಾಳಂತಮ್ಮ. ಕಂಪ್ಯೂಟರ್ ಒಳಗೆ."

"ಅದರೊಳಗೆ ಎಂಥಾ ಕಸ ಇರುತ್ತೋ?"

"ನನಗೇನು ಗೊತ್ತು? ನಾನು ಹೊರಗಿನ ಸುಕ್ಕು ತೆಗೆಯೋನು."

ಕೆಳಮನೆಯಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಕೆಳಗಿದ್ದಳು. ಮೇಲಿನ ಎರಡು ಕೋಣೆಗಳಿಗೆ ಬೀಗ ಹಾಕಿ ಬಹಳ ದಿನವಾಗಿತ್ತು. ಮೇಲೆ ಯಾರಾದರೂ ಓಡಾಡುವ ಸದ್ದಿದ್ದರೆ ಸಾಕು ಎನ್ನಿಸುವಷ್ಟು ಆ ಮನೆ ಮೌನವಾಗಿತ್ತು. ಗುಡಿಸುವವಳಾದರೆ ನಮ್ಮ ಮೆಟ್ಟಿಲಾದರೂ ಚೊಕ್ಕಟವಾಗುತ್ತದೆ, ಬರಲಿ ಬಿಡು ಎಂದು ಬೀಗದ ಕೈ ಹುಡುಕಲು ಹೋದಳು.

ಬಂದವಳು ಮೆಟ್ಟಿಲು ಗುಡಿಸುವುದಿರಲಿ, ತನ್ನ ಮಂಚದ ಕೆಳಗೂ ಬಗ್ಗಿ ನೋಡಿದವಳಲ್ಲ. ಸಣಕಲು ಮೈ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲು, ನಡೆಯುವಾಗಲೂ ಒಳಗೊಳಗೇ ಯಾರೊಂದಿಗೋ ವಾದ ಮಾಡುತ್ತಿರುವಂಥ ಮುಖ. ಕುಡಿದಿಟ್ಟ ಚಹಾದ ಲೋಟಗಳು ಕಿಟಕಿಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಜೊತೆ ಕೆಲಸ ಮಾಡುವವರು ಅವಳಿಗೆ ಪೊರಕೆ ಎಂದೇ ಹೆಸರಿಟ್ಟಿದ್ದರು. ಫೋನಿನಲ್ಲಿ ಅವರು "ಏನು ಪೊರಕೆ, ಎಲ್ಲಿಗೆ ಬಂತು?" ಎಂದು ಕೂಗಿ ಕೇಳುವುದು ಕೆಳಗಿನವರೆಗೂ ಕೇಳಿಸುತ್ತಿತ್ತು. ಅವಳ ಗಂಡ ನಗುತ್ತಿದ್ದ. "ಆಫೀಸಿಗೆ ಪೊರಕೆ, ಮನೆಗೆ ಧೂಳು. ನನ್ನ ಹಣೆಬರಹ ನೋಡಿ ಅಮ್ಮ," ಎನ್ನುತ್ತ ತಾನೇ ಲೋಟಗಳನ್ನು ತೊಳೆದಿಡುತ್ತಿದ್ದ. ಒಳ್ಳೆಯ ಹುಡುಗ. ಮುಂದೆ ನಡೆದದ್ದನ್ನೆಲ್ಲ ಕಂಡ ಮೇಲೂ ಕೆಳಮನೆಯಮ್ಮ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಪೊರಕೆಯ ಅಪ್ಪ ಬಸ್ಸಿನ ಕಂಡಕ್ಟರಾಗಿದ್ದವನು. ತಾಯಿಯನ್ನು ಅವಳು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಳು. ಒಂದೇ ಕೋಣೆಯ ಮನೆಯಲ್ಲಿ, ಅಪ್ಪ ಬರುವವರೆಗೆ ಹೊರಗಿನಿಂದ ಚಿಲಕ ಹಾಕಿಸಿಕೊಂಡು ಬೆಳೆದವಳು. ಆಡಲು ಇದ್ದದ್ದು ಕೆಟ್ಟುಹೋದ ಒಂದು ರೇಡಿಯೋ. ಅದನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ, ವಸ್ತುಗಳ ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ಚಟ ಹತ್ತಿತು. ಇದನ್ನೆಲ್ಲ ಅವಳು ಹೇಳಿದ್ದು ಸಂಜೆ ಮೆಟ್ಟಿಲ ಮೇಲೆ ಕುಳಿತು. ಕೆಳಮನೆಯಮ್ಮ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಉಣ್ಣೆ ಹೆಣೆಯುತ್ತಿದ್ದಳು. ಇಬ್ಬರಿಗೂ ಅದೊಂದು ರೂಢಿಯೇ ಆಗಿಹೋಯಿತು.

ಅಂಥದೊಂದು ಸಂಜೆಯೇ ಕೆಳಮನೆಯಮ್ಮ ಕೇಳಿಯೇಬಿಟ್ಟಳು, ಆ ಕಸ ಯಾವುದು ಎಂದು. ಹುಡುಗಿ ಬೇಸರಪಡದೆ ಹೇಳಿದಳು. ಕಂಪ್ಯೂಟರಿಗೆ ಕೆಲಸ ಹೇಳಲು ಭಾಷೆಗಳಿವೆ. ಅಂಥದೊಂದು ಭಾಷೆಯಲ್ಲಿ ಬರೆದದ್ದನ್ನು ಓಡಿಸುವ ಒಳಯಂತ್ರವೊಂದಿದೆ, ಅದಕ್ಕೆ ರನ್‌ಟೈಮ್ ಎನ್ನುತ್ತಾರೆ. ಅದು ಓಡುವಾಗ ಗಳಿಗೆಗೊಂದು ಹೊಸ ವಸ್ತು ಹುಟ್ಟುತ್ತದೆ. ಕೆಲಸ ಮುಗಿದವು ಅಲ್ಲಲ್ಲೇ ಬಿದ್ದಿರುತ್ತವೆ. ತೆಗೆಯದೆ ಬಿಟ್ಟರೆ ಮೆಮೊರಿ ತುಂಬಿ ಉಸಿರುಗಟ್ಟುತ್ತದೆ.

"ಯಾವುದು ಕಸ, ಯಾವುದಲ್ಲ ಅಂತ ಹೇಗೆ ಗೊತ್ತಾಗುತ್ತೆ?"

"ಬೇಕಾಗಿರೋರು ಯಾರಾದ್ರೂ ಒಬ್ರು ಅದರ ಕೈ ಹಿಡ್ಕೊಂಡಿದ್ರೆ ಅದು ಕಸ ಅಲ್ಲ ಅಮ್ಮ. ಒಬ್ರೇ ಆದ್ರೂ ಸಾಕು. ಯಾರೂ ಹಿಡ್ಕೊಂಡಿಲ್ಲ ಅಂದ್ರೆ ಕಸ."

ಇಲ್ಲಿಯವರೆಗೆ ಗುಡಿಸುವ ರೀತಿ ಹೇಗಿತ್ತೆಂದರೆ, ಪ್ರತಿ ಸಲವೂ ಅಟ್ಟದಿಂದ ಹೊಸ್ತಿಲವರೆಗೆ ಇಡೀ ಮನೆ ಜಾಲಾಡಬೇಕು. ಅದು ಮುಗಿಯುವ ತನಕ ಉಳಿದ ಕೆಲಸವೆಲ್ಲ ಕೈಕಟ್ಟಿ ನಿಲ್ಲಬೇಕು. ನಮ್ಮತ್ತೆ ಪೊರಕೆ ಹಿಡಿದರೆ ಗಂಡಸರೂ ಮಂಚ ಬಿಟ್ಟು ಇಳಿಯಬೇಕಿತ್ತು ಎಂದು ಕೆಳಮನೆಯಮ್ಮ ನಕ್ಕಳು. ಅದನ್ನು ತಪ್ಪಿಸುವುದೇ ಹುಡುಗಿಗೆ ಒಪ್ಪಿಸಿದ ಕೆಲಸ. ಮನೆಯನ್ನು ಎರಡು ಮಾಡುವುದು. ಹೊಸದಾಗಿ ಹುಟ್ಟಿದವಕ್ಕೆಲ್ಲ ಮುಂದಿನ ಕೋಣೆ. ಅದನ್ನಷ್ಟೇ ಮತ್ತೆ ಮತ್ತೆ ಬೇಗಬೇಗ ಗುಡಿಸುವುದು. ಒಂದೆರಡು ಸಲ ಗುಡಿಸಿದ ಮೇಲೂ ಉಳಿದವನ್ನು ಒಳಕೋಣೆಗೆ ಸಾಗಿಸಿ ಅವುಗಳ ಪಾಡಿಗೆ ಬಿಡುವುದು. ಮುಂದಿನ ಕೋಣೆಗೆ ಅವರ ಕಸುಬಿನಲ್ಲಿ ನರ್ಸರಿ, ಅಂದರೆ ಕೂಸುಗಳ ಕೋಣೆ, ಎಂದು ಹೆಸರು.

"ಮುಂದಿನದನ್ನೇ ಯಾಕೆ?"

"ಹೊಸದಾಗಿ ಹುಟ್ಟಿದವು ಹೆಚ್ಚಿನವೆಲ್ಲ ಎಳೇಲೇ ಸಾಯ್ತವಲ್ಲ ಅಮ್ಮ. ಉಳ್ಕೊಂಡದ್ದು ಬಹಳ ಕಾಲ ಬಾಳುತ್ತೆ. ನಮ್ಮವರಿಗೆಲ್ಲ ಗೊತ್ತಿರೋ ವಿಷಯ ಇದು."

ಕೆಳಮನೆಯಮ್ಮನ ಕೈಯಲ್ಲಿದ್ದ ಕಡ್ಡಿಗಳು ನಿಂತವು. ಹಲ್ಲು ಮೂಡುವ ಮೊದಲೇ ಹೋದ ತನ್ನ ಚೊಚ್ಚಲ ಕೂಸು ಕಣ್ಣಮುಂದೆ ಬಂತು. ಮಾರನೆಯ ದಿನವೇ ಹಿರಿಯರು ತೊಟ್ಟಿಲನ್ನು ಬೇರೆ ಯಾರಿಗೋ ಕೊಟ್ಟಿದ್ದರು. ಆಮೇಲೆ ಆ ಮನೆಯಲ್ಲಿ ಯಾರೂ ಆ ಕೂಸಿನ ಮಾತೆತ್ತಿದ್ದಿಲ್ಲ. ಅದನ್ನೆಲ್ಲ ಹೇಳಲಿಲ್ಲ ಆಕೆ. ನಿಮ್ಮ ಕಸುಬಿನವರು ಸ್ವಲ್ಪ ನೋಡಿಕೊಂಡು ಮಾತಾಡಬೇಕಮ್ಮ ಎಂದಷ್ಟೇ ಅಂದಳು. ಹುಡುಗಿಗೆ ಅರ್ಥವಾಗಲಿಲ್ಲ. ತನ್ನ ಹುರುಪಿನಲ್ಲೇ ಮುಂದುವರಿಸಿದಳು.

ಇದರಲ್ಲಿ ಇರುವ ಅಪಾಯ ಒಂದೇ. ಒಳಕೋಣೆಯ ಹಳಬರು ಯಾರೋ ಮುಂದಿನ ಕೋಣೆಯ ಎಳೆಯದೊಂದರ ಕೈ ಹಿಡಿದುಕೊಳ್ಳುತ್ತಾರೆ. ಗುಡಿಸುವವನು ಒಳಗೆ ಇಣುಕುವುದಿಲ್ಲವಲ್ಲ, ಅವನ ಕಣ್ಣಿಗೆ ಅದು ದಿಕ್ಕಿಲ್ಲದ್ದಾಗಿ ಕಾಣುತ್ತದೆ, ಗುಡಿಸಿಬಿಡುತ್ತಾನೆ. ಬದುಕಿದ್ದದ್ದು ಹೋಗುತ್ತದೆ. ಅದಕ್ಕೇ ಹಳಬರು ಎಳೆಯದರ ಕೈ ಹಿಡಿಯುವ ಒಂದೊಂದು ಜಾಗದಲ್ಲೂ ಒಂದು ಕಾವಲು ಇಡಬೇಕು. ಇಗೋ, ಇದನ್ನು ಒಳಗಿನವರು ಹಿಡಿದಿದ್ದಾರೆ, ಮುಟ್ಟಬೇಡ ಎಂದು ಕೂಗಿ ಹೇಳುವ ಕಾವಲು. ಆ ದೊಡ್ಡ ಯಂತ್ರದಲ್ಲಿ ಅಂಥ ಜಾಗಗಳು ಲೆಕ್ಕವಿಲ್ಲದಷ್ಟಿದ್ದವು. ಒಂದು ತಪ್ಪಿದರೂ ಮುಗಿಯಿತು ಕಥೆ ಎಂದು ಅವಳು ಪೆನ್ಸಿಲು ಕಚ್ಚಿದಳು.

ಆ ವರ್ಷವೇ ಅವಳು ಬಸುರಿಯಾದಳು. ಡಾಕ್ಟರು ಮೊದಲ ಸಲ ಪರದೆಯ ಮೇಲೆ ತೋರಿಸಿದಾಗ ಬಟಾಣಿಕಾಳಿನಷ್ಟಿತ್ತಂತೆ. ಗಂಡ ಹೆಂಡತಿ ಇಬ್ಬರೂ ಅದನ್ನು ಬಟಾಣಿ ಎಂದೇ ಕರೆದರು. ಬಟಾಣಿ ಒದೆಯಿತು, ಬಟಾಣಿಗೆ ಬಿಕ್ಕಳಿಕೆ, ಬಟಾಣಿಗೆ ಅಪ್ಪನ ಹಾಡು ಹಿಡಿಸಲಿಲ್ಲ ಎಂದು ಮೆಟ್ಟಿಲ ಮೇಲೆ ದಿನಕ್ಕೊಂದು ವರದಿ. ಹೊಟ್ಟೆ ಮುಂದೆ ಬಂದಂತೆ ಹುಡುಗಿ ಲ್ಯಾಪ್‌ಟಾಪನ್ನು ಅದರ ಮೇಲೆಯೇ ಇಟ್ಟುಕೊಂಡು ಕೆಲಸ ಮಾಡತೊಡಗಿದಳು. ಮಗು ಹುಟ್ಟುತ್ತಲೇ ನಿನ್ನ ಕೆಲಸದಲ್ಲಿ ತಪ್ಪು ಹುಡುಕುತ್ತದೆ ನೋಡು ಎಂದು ಕೆಳಮನೆಯಮ್ಮ ಗದರುತ್ತಿದ್ದಳು. ಹೆರಿಗೆಗೆ ಮೊದಲು ಒಂದು ಭಾಗ ಮುಗಿಸಿಬಿಡಬೇಕು ಎಂದು ಅವಳ ಹಟ. ವಸ್ತುಗಳನ್ನು ಒಂದೊಂದಾಗಿ ಹಳಬರ ಕೈಗೆ ಕೊಡುವುದು ನಿಧಾನ, ಅದರ ಬದಲು ಮೂಟೆ ಕಟ್ಟಿ ಒಮ್ಮೆಗೇ ಕೊಟ್ಟುಬಿಡುವ ಅಡ್ಡದಾರಿ ಹಾಕುತ್ತಿದ್ದೇನೆ ಎಂದಳು. ಅದು ಮುಗಿದ ದಿನ ಕೈ ಕೊಡವಿಕೊಂಡು, ಇನ್ನು ಬಟಾಣಿ ಯಾವಾಗ ಬೇಕಾದರೂ ಬರಬಹುದು ಎಂದು ಮೆಟ್ಟಿಲಿಳಿದು ಬಂದು ಹೇಳಿಹೋದಳು.

ಬಟಾಣಿ ಬಂತು. ಹೆಣ್ಣು. ತಲೆತುಂಬ ಕೂದಲು, ಅಪ್ಪನ ಮೊಂಡು ಮೂಗು. ಅಮ್ಮನ ಹಾಗೇ ಹುಬ್ಬು ಗಂಟಿಕ್ಕಿಕೊಂಡು ಮಲಗುವುದು. ಬಸಿರು ಬಾಣಂತನಕ್ಕೆಂದು ಬರುವ ತಾಯಿ ಹುಡುಗಿಗಿರಲಿಲ್ಲ. ಕೂಸನ್ನು ಮೀಯಿಸುವುದು ಕೆಳಮನೆಯಮ್ಮನ ಪಾಲಿಗೇ ಬಂತು. ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಬೆಚ್ಚಗಿನ ನೀರು ಹೊಯ್ಯುವಾಗ ಆ ಮುದಿ ಮಂಡಿಗಳ ನೋವು ಎಲ್ಲಿಗೋ ಓಡಿಹೋಗುತ್ತಿತ್ತು. ಹಳದಿ ಉಣ್ಣೆಯಲ್ಲಿ ಒಂದು ಕುಲಾವಿಯನ್ನೂ ಹೆಣೆಯಲು ಹಿಡಿದಳು. ಕೂಸಿಗೆ ಹೆಸರಿನ್ನೂ ಇಟ್ಟಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ದಿನಾ ಒಂದೊಂದು ಹೆಸರು ತಂದು ಜಗಳವಾಡುತ್ತಿದ್ದರು. ಕರೆಯುವುದು ಮಾತ್ರ ಬಟಾಣಿ.

ಹಾಲು ಕುಡಿಯುವಾಗ ಕೂಸಿನ ತುಟಿ ನೀಲಿಗಟ್ಟುವುದನ್ನು ಮೊದಲು ಕಂಡದ್ದು ಹುಡುಗಿಯೇ. ಅವತ್ತೇ ಆಸ್ಪತ್ರೆಗೆ ಓಡಿದರು. ಹೊಟ್ಟೆಯಲ್ಲಿದ್ದಾಗಲೇ ಗುಂಡಿಗೆ ಪೂರ್ತಿ ಬೆಳೆದಿಲ್ಲ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಗಾಜಿನ ಪೆಟ್ಟಿಗೆಯೊಳಗೆ ಕೂಸು, ಹೊರಗೆ ಅದರ ಅಮ್ಮ. ಪೆಟ್ಟಿಗೆಗೆ ಕೈ ತೂರಿಸಲು ಒಂದು ಗುಂಡನೆಯ ಕಿಂಡಿ. ಅದರಲ್ಲಿ ಬೆರಳು ಚಾಚಿದರೆ ಕೂಸು ಹಿಡಿದುಕೊಳ್ಳುತ್ತಿತ್ತಂತೆ. ಹಿಡಿತ ಸಡಿಲವಾದದ್ದು ನನಗೆ ಮೊದಲು ಗೊತ್ತಾಯಿತು, ಯಂತ್ರಕ್ಕೆ ಆಮೇಲೆ ಗೊತ್ತಾಯಿತು ಎಂದು ಅವಳು ಮುಂದೊಂದು ದಿನ ಹೇಳಿದಳು.

ಬಟಾಣಿ ಮನೆಗೆ ಮರಳಲಿಲ್ಲ. ಹುಡುಗಿ ಅಲ್ಲೇ ಕುಸಿದು ಬಿದ್ದಳು. ಜ್ವರವೂ ಏರಿ, ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹುಡುಗಿಯ ಗಂಡ ತನ್ನ ಅಕ್ಕನೊಂದಿಗೆ ಬಂದ. ಮೇಲಿನಿಂದ ಸಾಮಾನು ಎಳೆದಾಡುವ ಸದ್ದು ಕೇಳಿ ಕೆಳಮನೆಯಮ್ಮ ಬಾಗಿಲಿಗೆ ಬಂದು ನೋಡಿದರೆ ತೊಟ್ಟಿಲು ಮೆಟ್ಟಿಲಿಳಿಯುತ್ತಿತ್ತು. ಅದರ ಹಿಂದೆ ಮೂಟೆ ಕಟ್ಟಿದ ಬಟ್ಟೆ, ಹಾಲಿನ ಶೀಶೆ, ಮೀಯಿಸುವ ಬಕೀಟು, ಗಿಲಕಿ.

"ಅವಳನ್ನ ಒಂದು ಮಾತು ಕೇಳಪ್ಪ," ಎಂದಳು.

ಅವನ ಕಣ್ಣುಗಳು ಅತ್ತು ಕೆಂಪಾಗಿದ್ದವು. "ಬಂದು ನೋಡಿದ್ರೆ ತಡ್ಕೊಳ್ಳಲ್ಲ ಅಮ್ಮ ಅವಳು. ಕಣ್ಣಿಗೆ ಬೀಳದಿದ್ರೆ ಬೇಗ ಮರೀತಾಳೆ."

"ಹಾಗಂತ ನಮ್ಮ ಮನೇಲೂ ಅಂದಿದ್ರು."

ತೊಟ್ಟಿಲನ್ನು ಗಾಡಿಗೆ ಹಾಕುವಾಗ ಅವನು ಅದರ ಅಂಚನ್ನು ಒಮ್ಮೆ ಸವರಿದ. ಅಕ್ಕ ಮೇಲೆ ನೆಲ ಸಾರಿಸಿ ಕಿಟಕಿ ಒರೆಸಿ ಬಂದಳು.

ಹುಡುಗಿ ಮನೆಗೆ ಬಂದ ದಿನ ಕೆಳಮನೆಯಮ್ಮನೂ ಜೊತೆಗೆ ಮೇಲೆ ಹೋಗಿದ್ದಳು. ಕೋಣೆ ಫಳಫಳ ಹೊಳೆಯುತ್ತಿತ್ತು. ಆ ಮನೆಯನ್ನು ಅಷ್ಟು ಚೊಕ್ಕಟವಾಗಿ ಹುಡುಗಿ ನೋಡಿದ್ದು ಅದೇ ಮೊದಲು. ಕಪಾಟಿನ ಬಾಗಿಲು ತೆರೆದಳು, ಮುಚ್ಚಿದಳು. ತೊಟ್ಟಿಲಿದ್ದ ಜಾಗದಲ್ಲಿ ಹೋಗಿ ನಿಂತಳು. ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಗಂಡನೂ ಕೆಳಮನೆಯಮ್ಮನೂ ಕೈ ಮುಂದೆ ಮಾಡಿಕೊಂಡೇ ನಿಂತಿದ್ದರು. ಅವಳು ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಯಾರೂ ಹಿಡ್ಕೊಂಡಿಲ್ಲ ಅಂತ ಅನ್ಕೊಂಡ್ಯಾ?"

ಅವನಿಗೆ ಆ ಮಾತಿನ ಬುಡ ತಿಳಿಯಲಿಲ್ಲ. ಕೆಳಮನೆಯಮ್ಮನಿಗೆ ತಿಳಿಯಿತು.

ಗಂಡ ತೊಟ್ಟಿಲು ಕೊಟ್ಟುಬಂದಿದ್ದ ಹಳೆ ಸಾಮಾನಿನ ಅಂಗಡಿಗೆ ಹುಡುಗಿಯೂ ಕೆಳಮನೆಯಮ್ಮನೂ ಹೋದರು. ಮುರಿದ ಕುರ್ಚಿ, ಹೊಲಿಗೆ ಯಂತ್ರಗಳ ನಡುವೆ ಕುಳಿತಿದ್ದ ಅಂಗಡಿಯವನು ಇವರ ಮುಖ ನೋಡುತ್ತಲೇ ಎದ್ದು ನಿಂತ. ತೊಟ್ಟಿಲು ಬಂದ ದಿನವೇ ಹೋಯಿತು ತಾಯಿ, ಬಸುರಿ ಹೆಂಗಸೊಬ್ಬಳು ಆಸೆಪಟ್ಟು ಒಯ್ದಳು ಎಂದ. ಬಟ್ಟೆಯ ಮೂಟೆ ಯಾರ ಪಾಲಾಯಿತೋ ಅವನಿಗೂ ಗೊತ್ತಿರಲಿಲ್ಲ. ಹೋಗಲಿ, ಆ ಮಗು ಚೆನ್ನಾಗಿ ಮಲಗಲಿ ಎಂದಳು ಹುಡುಗಿ. ಅಂಗಡಿಯಿಂದ ಹೊರಬಿದ್ದ ಮೇಲೆ ಕೆಳಮನೆಯಮ್ಮನ ತೋಳು ಹಿಡಿದುಕೊಂಡವಳು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಕುಲಾವಿಯೊಂದು ಮಾತ್ರ ಉಳಿದಿತ್ತು. ಮುಗಿಸಿಕೊಡುತ್ತೇನೆಂದು ಕೆಳಮನೆಯಮ್ಮ ತನ್ನಲ್ಲೇ ಇಟ್ಟುಕೊಂಡಿದ್ದಳು, ಕಡ್ಡಿಗಳು ಅದರಲ್ಲೇ ಚುಚ್ಚಿಕೊಂಡಿದ್ದವು. ಅದನ್ನು ಹೇಗೆ ಕೊಡುವುದು, ಯಾವಾಗ ಕೊಡುವುದು ಎಂದು ತಿಳಿಯದೆ ದಿನಾ ಒಮ್ಮೆ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದಳು.

ಹುಡುಗಿ ಕೆಲಸಕ್ಕೆ ಮರಳಿದಳು. ಮರಳಿದವಳು ಮಾಡಿದ ಮೊದಲ ಕೆಲಸವೆಂದರೆ, ತಾನು ಬರೆದದ್ದರಲ್ಲೆಲ್ಲ ನರ್ಸರಿ ಎಂಬ ಮಾತನ್ನು ಅಳಿಸಿ ಅಂಗಳ ಎಂದು ಹಾಕಿದ್ದು. ತಂಡದ ಹಿರಿಯ ಫೋನು ಮಾಡಿ, ಎಲ್ಲ ಪುಸ್ತಕಗಳಲ್ಲೂ ಇರುವ ಮಾತು ಅದು, ನಾಳೆ ಓದುವವರಿಗೆ ಗೊಂದಲವಾಗುತ್ತದೆ ಎಂದು ತಿಳಿಹೇಳಿದನಂತೆ. ಓದುವವರು ಕಲಿತುಕೊಳ್ಳಲಿ ಎಂದಳಂತೆ ಇವಳು. ಆಮೇಲೆ ಅವನು ಸರಿ, ಅಂಗಳವೇ ಇರಲಿ ಎಂದ. ಅಂದಿನಿಂದ ಯಾರೂ ಅವಳನ್ನು ಪೊರಕೆ ಎಂದು ಕೂಗಿದ್ದು ಕೆಳಗೆ ಕೇಳಿಸಲಿಲ್ಲ.

ಹೊಸ ಯಂತ್ರ ಓಡತೊಡಗಿತು. ವೇಗವೂ ಬಂತು. ಆದರೆ ಎಲ್ಲೋ ಒಂದು ಕಡೆ ಬದುಕಿದ್ದ ವಸ್ತುವೊಂದು ಆಗೊಮ್ಮೆ ಈಗೊಮ್ಮೆ ಮಾಯವಾಗುತ್ತಿತ್ತು. ಬೆಳಿಗ್ಗೆ ಓಡಿಸಿಬಿಟ್ಟ ಪ್ರೋಗ್ರಾಮು ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಗುಚಿ ಬೀಳುವುದು. ಮತ್ತೆ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ನಡೆಯುವುದು. ಹುಡುಗಿ ಅದರ ಹಿಂದೆ ಬಿದ್ದಳು. ಊಟ ತಟ್ಟೆಯಲ್ಲೇ ಆರುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ನೋಡಿ ಹಾಗೇ ಹಿಂದಿರುಗುತ್ತಿದ್ದ. ಇಬ್ಬರ ನಡುವೆ ಮಾತು ಬತ್ತಿಹೋಗಿತ್ತು. ಬಿಟ್ಟುಬಿಡಮ್ಮ, ಬೇರೆ ಯಾರಾದರೂ ನೋಡುತ್ತಾರೆ ಎಂದು ಕೆಳಮನೆಯಮ್ಮ ಹೇಳಿದ್ದಕ್ಕೆ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಯಾರೋ ಹಿಡ್ಕೊಂಡಿರೋದನ್ನೇ ಗುಡಿಸಿಹಾಕ್ತಾ ಇದೆ ಅಮ್ಮ ಅದು. ಹೇಗೆ ಬಿಡ್ಲಿ?"

ಒಂದು ಮಧ್ಯಾಹ್ನ ಅವಳು ಬರಿಗಾಲಲ್ಲಿ ಇಳಿದುಬಂದು ಕೆಳಗಿನ ಮೆಟ್ಟಿಲಲ್ಲಿ, ಕೆಳಮನೆಯಮ್ಮನ ಜಾಗದಲ್ಲೇ ಕುಳಿತಳು.

"ಸಿಕ್ತು."

ಕೆಳಮನೆಯಮ್ಮ ಪಕ್ಕದಲ್ಲಿ ಜಾಗ ಮಾಡಿಕೊಂಡಳು.

"ಆ ಮೂಟೆ ಕಟ್ಟೋ ದಾರೀಲಿ. ಬಟಾಣಿ ಹೊಟ್ಟೇಲಿದ್ದಾಗ ಬರೆದ್ನಲ್ಲ, ಅದು. ಮಿಕ್ಕ ಕಡೆಯೆಲ್ಲ ಕಾವಲು ಇಟ್ಟಿದ್ದೆ. ಅಲ್ಲೊಂದು ಕಡೆ ಮರೆತೆ. ಎಲ್ಲಾನೂ ಒಟ್ಟಿಗೆ ಸಾಗಿಸುವಾಗ ಒಂದೊಂದನ್ನೇ ಕೇಳೋಕೆ ಪುರುಸೊತ್ತೆಲ್ಲಿ? ಬೇಗ ಆಗ್ಲಿ ಅಂತ ಮಾಡಿದ್ದು." ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. "ಅವನೂ ಹಾಗೇ ಅಲ್ವಾ ಅಮ್ಮ? ಒಳ್ಳೇದಾಗ್ಲಿ ಅಂತಾನೇ ಮೂಟೆ ಕಟ್ಟಿದ."

"ಹೂಂ ತಾಯಿ. ಗಾಡಿಗೆ ಹಾಕುವಾಗ ತೊಟ್ಟಿಲಿನ ಅಂಚು ಸವರಿದ. ನಾನು ನೋಡಿದೀನಿ."

"ಇಲ್ಲಿ ಒಂದು ಸಾಲು ಸೇರಿಸಿದೆ, ಸರಿಹೋಯ್ತು. ಅಲ್ಲಿ ಎಲ್ಲಿ ಸೇರಿಸ್ಲಿ?"

ಆಗ ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಕೆಳಮನೆಯಮ್ಮ ಎದ್ದುಹೋಗಿ ಹಳದಿ ಕುಲಾವಿಯನ್ನು, ಕಡ್ಡಿ ಸಮೇತ, ತಂದು ಅವಳ ಮಡಿಲಲ್ಲಿಟ್ಟಳು. ಅದು ಅವಳ ಅಂಗೈಯಷ್ಟೂ ಇರಲಿಲ್ಲ. ಹುಡುಗಿ ಅದನ್ನು ಮುಖಕ್ಕೆ ಒತ್ತಿಕೊಂಡಳು. ಉಸಿರು ಹತೋಟಿಗೆ ಬಂದ ಮೇಲೆ ಕೆಳಮನೆಯಮ್ಮ ತನ್ನ ಚೊಚ್ಚಲ ಕೂಸಿನ ಕಥೆ ಹೇಳಿದಳು. ತೊಟ್ಟಿಲು ಕೊಟ್ಟುಬಿಟ್ಟದ್ದು, ಮಾತೆತ್ತಿದರೆ ಗಂಡ ಎದ್ದು ಹೊರಗೆ ಹೋಗುತ್ತಿದ್ದದ್ದು, ಬರುಬರುತ್ತ ತಾನೂ ಬಾಯಿ ಕಟ್ಟಿಕೊಂಡದ್ದು.

"ಏನಂತ ಕರೀತಿದ್ರಿ ಅಮ್ಮ, ಅದನ್ನ?"

ಅಷ್ಟು ವರ್ಷಗಳಲ್ಲಿ ಒಬ್ಬರೂ ಕೇಳದ ಮಾತು ಅದು.

"ಚುಕ್ಕಿ," ಎಂದಳು.

"ಚುಕ್ಕಿ," ಎಂದಳು ಹುಡುಗಿಯೂ, ಪಾಠ ಒಪ್ಪಿಸುವವಳ ಹಾಗೆ.

ಗಂಡ ಹೆಂಡತಿ ಆಮೇಲೆ ಮಾತಾಡಿಕೊಂಡರು. ಮೇಲಿನಿಂದ ಇಬ್ಬರ ಅಳುವೂ ಒಟ್ಟಿಗೆ ಕೇಳಿಸಿತು. ಹಾಗೆಂದು ಎಲ್ಲವೂ ನೆಟ್ಟಗಾಗಲಿಲ್ಲ. ಯಂತ್ರವೇನೋ ನೆಟ್ಟಗಾಯಿತು. ಅದನ್ನು ಜನರ ಕೈಗೆ ಕೊಟ್ಟ ದಿನ ಫೋನಿನಲ್ಲಿ ಚಪ್ಪಾಳೆ ಕೇಳಿಸಿತು, ಯಾರು ಯಾರೋ ಅವಳನ್ನು ಹೊಗಳಿದರು. ಅವಳು ಎಲ್ಲರಿಗೂ ನಯವಾಗಿಯೇ ಉತ್ತರ ಕೊಟ್ಟು ಫೋನಿಟ್ಟು, ಕಿಟಕಿಯ ಮೇಲಿನ ಲೋಟಗಳನ್ನು ತೊಳೆದಳು. ಅವಳು ಗುಡಿಸುವುದನ್ನೂ ಕಲಿತಿದ್ದಳು. ದಿನಾ ಗುಡಿಸುತ್ತಿದ್ದಳು, ತೊಟ್ಟಿಲಿದ್ದ ಜಾಗವೊಂದನ್ನು ಬಿಟ್ಟು. ಅಲ್ಲಿ ಕಾಲಿಡದೆ ಬಳಸಿಕೊಂಡು ಓಡಾಡುತ್ತಿದ್ದರು ಇಬ್ಬರೂ. ಹಾಗೆ ಎಷ್ಟು ದಿನ ಬಾಳಲಾಗುತ್ತದೆ? ದೂರದ ಊರಲ್ಲಿ ಸೇತುವೆಯ ಕೆಲಸ ಬಂದಾಗ ಗಂಡ ಒಪ್ಪಿಕೊಂಡ. ಅವಳೂ ಬೇಡವೆನ್ನಲಿಲ್ಲ.

ಹೊರಡುವ ದಿನ ಗಾಡಿಗೆ ಸಾಮಾನು ತುಂಬಿಯಾಗಿತ್ತು. ಇಸ್ತ್ರಿಯವನು ಕೊನೆಯ ಬಟ್ಟೆಗಂಟು ತಂದುಕೊಟ್ಟು, ಕೂಲಿ ಬೇಡವೆಂದು ತಲೆ ತಗ್ಗಿಸಿ ಹೋದ. ಹುಡುಗಿಯ ಗಂಡ ಕೆಳಮನೆಯಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಗಾಡಿಯತ್ತ ನಡೆದ. ಹುಡುಗಿ ಬೀಗದ ಕೈ ಕೊಡಲು ಬಂದಳು. ಕುಲಾವಿ ಅವಳ ಕೈಚೀಲದಲ್ಲಿತ್ತು, ಒಂದು ಕಡ್ಡಿಯ ತುದಿ ಹೊರಗೆ ಕಾಣಿಸುತ್ತಿತ್ತು. ಅದನ್ನು ಮುಗಿಸಬೇಡಿ, ಹಾಗೇ ಕೊಡಿ ಎಂದು ಅವಳು ಮೊದಲೇ ಹೇಳಿದ್ದಳು.

ಊಟ ಬಿಡಬೇಡ, ಹೋದ ಕೂಡಲೇ ಫೋನು ಮಾಡು ಎಂದು ಕೆಳಮನೆಯಮ್ಮ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಹುಡುಗಿ ಎಲ್ಲಕ್ಕೂ ಹೂಂಗುಟ್ಟಿದಳು. ಬೀಗದ ಕೈಯನ್ನು ಆಕೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಮಡಿಸಿ, ಹಾಗೇ ಹಿಡಿದುಕೊಂಡು ನಿಂತಳು.

"ಅಮ್ಮ, ಇನ್ನು ಮೇಲಕ್ಕೆ ಬೇರೆಯವರು ಬರ್ತಾರಲ್ಲ. ಇಲ್ಲಿ ಮೊದಲು ಯಾರಿದ್ರು ಅಂತ ಕೇಳೇ ಕೇಳ್ತಾರೆ."

"ಕೇಳ್ತಾರೆ ತಾಯಿ."

"ಇಬ್ಬರಿದ್ರು ಅನ್ನಬೇಡಿ. ಮೂವರಿದ್ರು ಅನ್ನಿ."